ತಿರುವು ಬಳಸಿಕೊಂಡ ಊರು

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆ ಹೊಸೂರು ಬರುವುದಕ್ಕೆ ಸ್ವಲ್ಪ ಮೊದಲು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ, ಬಯಲಿನಲ್ಲಿ ದೊಡ್ಡದೊಂದು ಕಮಾನು ಬಳಸಿ, ಮತ್ತೆ ತನ್ನ ದಾರಿಗೆ ಬರುತ್ತಿತ್ತು. ಬಸ್ಸಿನಲ್ಲಿ ಓಡಾಡಿ ರೂಢಿಯಿದ್ದವರು ಆ ಜಾಗ ಬರುತ್ತಲೇ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದರು. ಸರಸಳಿಗೆ ಅದು ಗೊತ್ತಿರಲಿಲ್ಲ. ೧೯೫೮ರ ಜೂನಿನಲ್ಲಿ ಹೊಸೂರಿನ ಶಾಲೆಗೆ ಮೇಷ್ಟ್ರಾಗಿ ಹೊರಟ ಮೊದಲ ದಿನವೇ ಅವಳು ಪಕ್ಕದವಳ ಬದನೆಕಾಯಿ ಕುಕ್ಕೆಯ ಮೇಲೆ ಹೋಗಿ ಬಿದ್ದಳು.

ಎದ್ದು ಸೀರೆ ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದಳು. ಅಲ್ಲಿ ಗುಡ್ಡವಿಲ್ಲ, ಕೆರೆಯಿಲ್ಲ, ಬಂಡೆಯಿಲ್ಲ. ಕಮಾನಿನ ಒಳಗೆ ಪೊದೆ ಬೆಳೆದ ಸಪಾಟು ನೆಲ, ಅಷ್ಟೇ. ನೇರ ಹೋಗಬಹುದಾದ ರಸ್ತೆ ಯಾಕೆ ಬಳಸಿತು?

ಡ್ರೈವರ್ ಚಂದ್ರಯ್ಯನನ್ನು ಕೇಳಿದಳು. "ರಸ್ತೆ ಎಂಗೈತೋ ಅಂಗೆ ಓಗೋದು ನನ್ ಕೆಲ್ಸ ಕಣ್ರವ್ವ. ಯಾಕೈತೆ ಅಂತ ಆಕ್ದೋರ್ನೇ ಕೇಳ್ಬೇಕು" ಎಂದು ನಕ್ಕ. ಹಿಂದೆ ಕೂತಿದ್ದವನೊಬ್ಬ, ಯಾವುದೋ ಗೌಡರ ಹೊಲ ಉಳಿಸುವುದಕ್ಕೆ ಹೀಗೆ ತಿರುಗಿಸಿದ್ದು ಎಂದ. ಸರಸಳ ತಂದೆ ಚಲುವನಾರಾಯಣ ಹೊಳೆನರಸೀಪುರದ ದೇವಸ್ಥಾನದಲ್ಲಿ ಅರ್ಚಕರು. "ದೊಡ್ಡ ಆಲದಮರ ಇದ್ದಿರಬೇಕಮ್ಮ. ಮರ ಕಡಿಯೋಕೆ ಮನಸ್ಸು ಬರದೆ ಸುತ್ತಿಸಿರ್ತಾರೆ" ಎಂದು ಅವರು ತಮಗೆ ತೋಚಿದ್ದು ಹೇಳಿದರು. ಶಾಲೆಯಲ್ಲಿ ಮಕ್ಕಳನ್ನು ಕೇಳಿದಾಗ ಮಾತ್ರ ಯಾರೂ ಕತೆ ಕಟ್ಟಲಿಲ್ಲ. "ಅಲ್ಲಿಗೆ ಓಗ್ಬಾರ್ದು" ಎಂದಳು ಒಬ್ಬಳು. ಯಾಕೆ ಅಂದರೆ, "ಓಗ್ಬಾರ್ದು ಅಷ್ಟೇಯ."

ಅದಾದ ಮೇಲೆ ಸರಸಳಿಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸಿಗೆ ಕಾಯದೆ ರಸ್ತೆಯಲ್ಲಿ ಹಿಂದಕ್ಕೆ ನಡೆದು, ತಿರುವಿನಲ್ಲಿ ಕೆಳಗಿಳಿದು ಪೊದೆಗಳ ನಡುವೆ ನುಗ್ಗಿದಳು. ಕಾಲಡಿಯ ಮಣ್ಣು ಬೂದಿ ಬಣ್ಣದ್ದು. ಹೆಜ್ಜೆ ಹೆಜ್ಜೆಗೂ ಮಡಕೆಯ ಚೂರು. ಒಂದು ಕಡೆ ಮೊಣಕಾಲೆತ್ತರದ ಮಣ್ಣಿನ ದಿಬ್ಬ ಉದ್ದಕ್ಕೆ ಸಾಗಿ ಚೌಕದ ಮೂಲೆಯಂತೆ ತಿರುಗಿತ್ತು. ಗೋಡೆ ಅಲ್ಲದೆ ಮತ್ತೇನೂ ಹಾಗೆ ತಿರುಗುವುದಿಲ್ಲ ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ರಸ್ತೆಯಿಂದ ಕೂಗು ಕೇಳಿತು.

"ಯಾರವ್ವಾ ಅದು? ಈಚಿಗ್ ಬನ್ರವ್ವಾ! ಬನ್ನಿ ಅಂದ್ರೆ!"

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಅಂಚು ದಾಟಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಸರಸ ಹೊರಗೆ ಬಂದ ಮೇಲೆ ಹೊರೆ ಇಳಿಸಿ, ಕುಕ್ಕರುಗಾಲಿನಲ್ಲಿ ಕೂತು, ಅವಳ ಸೀರೆಯಂಚಿಗೆ ಅಂಟಿದ್ದ ಉತ್ತರಾಣಿ ಮುಳ್ಳನ್ನು ಒಂದೊಂದಾಗಿ ಕಿತ್ತಳು. ಹೊಸೂರಿನ ಮುದ್ದಮ್ಮ ಅವಳು.

"ಇದೇನಜ್ಜಿ ಜಾಗ?"

"ಊರು ಕಣ್ರವ್ವ."

"ಯಾವ ಊರು?"

"ನಮ್ಮೂರು. ಬಿದಿರಕೊಪ್ಲು."

ಮುದ್ದಮ್ಮ ಸಣ್ಣ ಹುಡುಗಿಯಾಗಿದ್ದಾಗ ಪ್ಲೇಗು ಬಂತು. ಇಲಿ ಬಿದ್ದವು, ಆಮೇಲೆ ಮನುಷ್ಯರು. ಉಳಿದವರು ಊರು ಬಿಟ್ಟು ದೂರದ ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಮಾರಿ ಇಳಿದ ಮೇಲೂ ವಾಪಸು ಬರುವ ಧೈರ್ಯ ಯಾರಿಗೂ ಆಗಲಿಲ್ಲ. ಗುಡಿಸಲೇ ಹೊಸೂರಾಯಿತು. ಅದುವರೆಗೆ ಬಿದಿರಕೊಪ್ಪಲಿನ ನಡುಬೀದಿಯಲ್ಲೇ ಸಾಗುತ್ತಿದ್ದ ಗಾಡಿಗಳು ಊರನ್ನು ದೂರದಿಂದ ಬಳಸಿ ಹೋಗತೊಡಗಿದವು. ಚಕ್ರ ಉರುಳಿ ಉರುಳಿ ಬಳಸು ಜಾಡೇ ದಾರಿಯಾಯಿತು. ಎಷ್ಟೋ ವರ್ಷದ ಮೇಲೆ ಜಲ್ಲಿ ಹಾಕಲು ಬಂದವರು, ಎದುರಿಗೆ ಕಂಡ ಜಾಡಿಗೇ ಜಲ್ಲಿ ಸುರಿದು ಹೋದರು.

"ನಿಮ್ಮ ಮನೆಯೋರೆಲ್ಲ ಆಚೆಗೆ ಬಂದ್ರಾ?" ಸರಸ ಕೇಳಿದಳು.

"ನಮ್ಮವ್ವ ಅಲ್ಲೇ ಉಳ್ಕೊಂಡ್ಳು" ಎಂದಷ್ಟೇ ಹೇಳಿ ಮುದ್ದಮ್ಮ ಹೊರೆ ಎತ್ತಿಕೊಂಡಳು.

ತೀರಿಕೊಂಡಳು ಎಂದು ಸರಸ ಅರ್ಥ ಮಾಡಿಕೊಂಡಳು. ಆಮೇಲೆ ಇಬ್ಬರಿಗೂ ಸ್ನೇಹ ಬೆಳೆಯಿತು. ಸಂಜೆ ಬಸ್ಸು ಬರುವವರೆಗೆ ಮುದ್ದಮ್ಮ ಶಾಲೆಯ ಜಗಲಿಯ ಹತ್ತಿರ ಬಂದು ಕೂರುವಳು. ಬಿದಿರಕೊಪ್ಪಲಿನ ಬಾವಿ, ಚಾವಡಿ, ಹುಣಸೆಮರದ ಬಗ್ಗೆ ಕೇಳಿದಷ್ಟೂ ಹೇಳುವಳು. ತಮ್ಮ ಮನೆಯ ಮಾತು ಬಂದರೆ ಮಾತ್ರ ಎದ್ದುಬಿಡುವಳು.

ನಾಲ್ಕು ವರ್ಷ ಕಳೆಯಿತು. ಚನ್ನರಾಯಪಟ್ಟಣದ ಕಡೆಯಿಂದ ಬರುವ ರಸ್ತೆಗೆ ಅರಕಲಗೂಡಿನವರೆಗೂ ಡಾಂಬರು ಬೀಳುತ್ತದೆ, ಇದು ಇನ್ನು ಮೇಲೆ ರಾಜ್ಯ ಹೆದ್ದಾರಿ ಎಂಬ ಸುದ್ದಿ ಬಂತು. ಹಿಂದೆಯೇ ಗೌರೀಶಂಕರ ಎಂಬ ಓವರ್‌ಸಿಯರು ಬಂದರು. ಅವರಿಗೂ ಆ ತಿರುವು ಮೊದಲ ನೋಟಕ್ಕೇ ವಿಚಿತ್ರವಾಗಿ ಕಂಡಿತು. ಗೂಟ ಹೊಡೆಸಿ, ಹಗ್ಗ ಎಳೆಸಿ, ಪೊದೆಯ ನಡುವೆಯೇ ನೇರ ದಾರಿ ಗುರುತು ಮಾಡಿಸಿದರು.

ಕೆಲಸ ಪೊದೆಯ ಅಂಚಿಗೆ ಬಂದು ನಿಂತಿತು. ಹೊಸೂರಿನ ಆಳುಗಳು ಗುದ್ದಲಿ ಕೆಳಗಿಟ್ಟರು. ಕಟ್ಟಾಯದ ಕಡೆಯಿಂದ ಕರೆಸಿದವರೂ ವಿಷಯ ಕೇಳಿ ದೂರ ಹೋಗಿ ಕೂತರು. ಗೌರೀಶಂಕರ ಶಾಲೆಗೆ ಬಂದರು.

"ನೀವಾದ್ರೂ ಒಂದು ಮಾತು ಹೇಳಿ ಮೇಡಂ. ಬೆದರಿಸಿ ಕೆಲಸ ಮಾಡಿಸೋಕೆ ನನಗಿಷ್ಟ ಇಲ್ಲ."

ಸರಸ ಮುದ್ದಮ್ಮನ ಮನೆಗೆ ಹೋದಳು. ಮುದುಕಿ ರಾಗಿ ಕೇರುತ್ತಿದ್ದಳು. ವಿಷಯ ಕೇಳಿ ಮೊರ ಪಕ್ಕಕ್ಕಿಟ್ಟಳು. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳಿದಳು.

"ನಮ್ಮವ್ವ ಸತ್ತಿರ್ಲಿಲ್ಲ ಕಣ್ರವ್ವ, ನಾವು ಬುಟ್ಬುಟ್ಟು ಬಂದಾಗ. ಕಂಕ್ಳಲ್ಲಿ ಗಡ್ಡೆ ಎದ್ದಿತ್ತು. ನಮ್ಮಪ್ಪ ಒರಗಿಂದ ಅಗಣಿ ಆಕಿ ನನ್ನ ಎಗಲ್ ಮ್ಯಾಲೆ ಕೂರಿಸ್ಕೊಂಡ. ಅವ್ವ ಒಳಗಿಂದ ಕೂಗ್ತಿತ್ತು. ನನ್ನ ಬುಟ್ಟೋಗ್ಬ್ಯಾಡಿ ಅಂತಲ್ಲ. ಮಗೀಗೆ ಉಂಬಕ್ಕಿಕ್ಕಿ, ಉಂಬಕ್ಕಿಕ್ಕಿ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ಗುಡ್ಲಲ್ಲಿ ನಮ್ಮಪ್ಪನೂ ತೀರ್ಕಂಡ. ಆ ಬಾಗ್ಲಿಂದೆ ನಮ್ಮವ್ವ ಅಂಗೇ ಅವ್ಳೆ ಅಂತ್ಲೇ ನಾನು ಆಕಡೆ ಕಾಲಿಕ್ಕಿಲ್ಲ."

ತಾನು ಇಷ್ಟು ವರ್ಷ ಕುತೂಹಲದಿಂದ ಕೆದಕಿದ್ದು ಇದನ್ನೇ ಎಂದು ಸರಸಳಿಗೆ ಈಗ ಅರಿವಾಯಿತು. "ಬೇಡ ಅಜ್ಜಿ. ರಸ್ತೆ ಹಳೇ ದಾರೀಲೇ ಹೋಗ್ಲಿ ಅಂತ ಅವರಿಗೆ ಹೇಳ್ತೀನಿ" ಎಂದಳು.

ಮುದ್ದಮ್ಮ ಆಗಲೇ ಎದ್ದು ನಿಂತಿದ್ದಳು. "ನಡೀರವ್ವ. ರೋಡ್ ಇಂಜಿನ್ ಅದ್ರ ಮ್ಯಾಲೆ ಉಳ್ಳಾಕ್ ಮುಂಚೆ ನಾನು ನೋಡ್ಬುಡ್ಬೇಕು."

ಊರಿನವರು ನೋಡುತ್ತಿದ್ದಂತೆ ಅವಳು ರಸ್ತೆಯ ಅಂಚು ದಾಟಿದಳು. ಸರಸ ಪಕ್ಕದಲ್ಲಿ ನಡೆದಳು. ಬಾವಿ ಮುಚ್ಚಿಹೋದ ತಗ್ಗು ಸಿಕ್ಕ ಮೇಲೆ ಮುದ್ದಮ್ಮನಿಗೆ ದಿಕ್ಕು ತಿಳಿಯಿತು. ಎಡಕ್ಕೆ ತಿರುಗಿ, ಹುಣಸೆ ಬುಡ ಬಳಸಿ ಬಂದು ನಿಂತಳು. "ಇಲ್ಲಿ."

ಆಳುಗಳಲ್ಲಿ ಹಿರಿಯನಾದ ಪಾಪಯ್ಯ ತಾನೇ ಗುದ್ದಲಿ ಹಿಡಿದು ಬಂದ. ಮೇಲುಮಣ್ಣನ್ನು ಕೈಯಲ್ಲೇ ಸರಿಸುತ್ತ ಹೋದ. ಹೊಸ್ತಿಲ ಕಲ್ಲು ಬಂತು. ಒಲೆಯ ಕಲ್ಲು ಬಂತು, ನೆಲದಲ್ಲಿ ಹೂತ ಒರಳು ಬಂತು. ಮತ್ತೇನೂ ಇರಲಿಲ್ಲ. ಮುದ್ದಮ್ಮ ಒರಳಿನ ಅಂಚು ಹಿಡಿದು ಕೂತು, "ಎಲ್ಲವ್ವ, ಎಲ್ಲೋದೆ?" ಎಂದು ಮೆಲ್ಲಗೆ ಕೇಳಿದಳು.

ಹಿತ್ತಿಲ ಕಡೆ ಪೊದೆ ಸವರುತ್ತಿದ್ದ ಆಳೊಬ್ಬ ಕೂಗಿದ. ಅಲ್ಲಿ ಕಲ್ಲುಗಳನ್ನು ಒಂದಾಳುದ್ದಕ್ಕೆ ಒತ್ತೊತ್ತಾಗಿ ಜೋಡಿಸಿ, ತಲೆಯ ಕಡೆ ಒಂದು ಚಪ್ಪಡಿಯನ್ನು ನೆಟ್ಟಿದ್ದರು. ಪಾಪಯ್ಯ ನೋಡಿ ಕೈ ಎತ್ತಿದ. "ಮಣ್ಣು ಮಾಡಿರೋ ಜಾಗ. ಯಾರೂ ಮುಟ್ಬ್ಯಾಡ್ರಲಾ."

"ನಿಮ್ಮ ತಾಯೀನೇ ಅಂತ ಹೇಗೆ ಹೇಳೋದು?" ಗೌರೀಶಂಕರ ಮೆತ್ತಗೆ ಕೇಳಿದರು.

"ನಮ್ಮಿತ್ಲಲ್ಲಿ ಬ್ಯಾರೆ ಯಾರ್ ಬಂದ್ ಮಲೀಕತಾರೆ ಸಾ?" ಎಂದಳು ಮುದ್ದಮ್ಮ. ಅಳುತ್ತಲೂ ಇದ್ದಳು, ಮುಖ ಅರಳಿಯೂ ಇತ್ತು. "ಯಾರೋ ವಾಪಸ್ ಬಂದವ್ರೆ. ನೋಡ್ರವ್ವ, ಯಾರೋ ಬಂದವ್ರೆ!"

ಆ ಕಲ್ಲುಗಳು ಹೊಸ ರಸ್ತೆಯ ಅಂಚಿನಿಂದ ಸ್ವಲ್ಪ ಆಚೆಗಿದ್ದವು. ಆ ಬದಿಯ ಚರಂಡಿಯನ್ನು ಗೌರೀಶಂಕರ ಎದುರು ಬದಿಗೆ ಹಾಕಿಸಿದರು. ಮಾರನೆಯ ದಿನದಿಂದ ಆಳುಗಳು ತಾವಾಗಿಯೇ ಕೆಲಸಕ್ಕೆ ಬಂದರು. ಬೇಸಿಗೆ ಮುಗಿಯುವ ಮೊದಲೇ ಡಾಂಬರು ಬಿತ್ತು. ಹಳೆಯ ಕಮಾನಿನ ಮೇಲೆ ಹೊಸೂರಿನವರು ಹುರುಳಿ ಬಡಿಯತೊಡಗಿದರು.

ಯಾರು ಬಂದಿದ್ದರು ಎಂಬ ಮಾತು ಮಾತ್ರ ಇಬ್ಬರಲ್ಲೂ ಮುಗಿಯಲಿಲ್ಲ. ಮುದ್ದಮ್ಮನ ಅಜ್ಜಿಯೇ? ಮಾವನೇ? ದಾರಿಹೋಕರೇ? ಒಂದು ದಿನ ಕೊಣನೂರಿನ ಸಂತೆಗೆ ಹೊರಟ ಮುದ್ದಮ್ಮ ಬಸ್ಸಿಗೆ ಕಾಯುತ್ತ ನಿಂತವಳು, ಶಾಲೆಗೆ ಬಂದಿಳಿದ ಸರಸಳ ತೋಳು ಹಿಡಿದುಕೊಂಡಳು.

"ಮೇಷ್ಟ್ರಮ್ಮ, ರಾತ್ರಿಯಿಂದ ಒಂದು ಗ್ಯಾಪ್ನ ಬತ್ತಾ ಐತೆ. ಗುಡ್ಲಿಗೆ ಬಂದ್ ಮ್ಯಾಕೆ ಒಂದಿನ ನಮ್ಮಪ್ಪ ಮೊಣಕೈಗಂಟ ಮಣ್ಣು ಮೆತ್ಕೊಂಡು ಬಂದ. ನಾನು ಅಪ್ಪಾ ಅಂತ ಓಡೋದ್ರೆ, ಮುಟ್ಬ್ಯಾಡ ಅಂತ ಗದ್ರಿಸ್ಬುಟ್ಟ. ನನ್ ಮ್ಯಾಲೆ ಸಿಟ್ಟು ಅಂದ್ಕಂಡಿದ್ದೆ ಕಣ್ರವ್ವ, ಇಷ್ಟು ದಿನ."

ಕಂಡಕ್ಟರು ಸೀಟಿ ಊದಿದ. ಸರಸ ಅವಳ ಕುಕ್ಕೆಯನ್ನು ಮೇಲಕ್ಕೆತ್ತಿಕೊಟ್ಟಳು. ಮುದ್ದಮ್ಮ ಕಿಟಕಿಯ ಪಕ್ಕ ಕೂತು, ಬಸ್ಸು ಹೊರಟರೂ ಇನ್ನೂ ಏನೋ ಹೇಳುತ್ತಲೇ ಇದ್ದಳು.