ಗೋಡೆಯ ಮೇಲಿನ ಕೊಳೆ

"ಗೋಡೆ ಮುಟ್ಬೇಡ ಅಂದ್ನಲ್ಲ, ಥೂ!"

ಅಜ್ಜಿ ಮೊಮ್ಮಗಳ ಕೈಯನ್ನು ಎಳೆದುಕೊಂಡಳು. ಆಸ್ಪತ್ರೆಯ ಆ ಉದ್ದ ಪಡಸಾಲೆಯ ಗೋಡೆಯಲ್ಲಿ, ಮಕ್ಕಳ ಕೈಯೆತ್ತರಕ್ಕೆ ಸರಿಯಾಗಿ, ಒಂದು ಕಪ್ಪು ಪಟ್ಟೆ ಈ ತುದಿಯಿಂದ ಆ ತುದಿಗೆ ಹರಿದಿತ್ತು. ಬೆವರು, ಎಣ್ಣೆ, ಸಿಂಬಳ ಎಲ್ಲ ಮೆತ್ತಿ ಜಿಡ್ಡುಗಟ್ಟಿತ್ತು.

ಪರೀಕ್ಷೆಯ ಕೋಣೆಯೂ ಅಷ್ಟೇ. ಕಿಟಕಿಯಿಲ್ಲ. ಮುಂಚೆ ಬಂದಿದ್ದ ಯಾವುದೋ ಮಗು ತಿರುಗುವ ಕುರ್ಚಿಯಲ್ಲಿ ಕೂತು ವಾಂತಿ ಮಾಡಿಕೊಂಡಿತ್ತಂತೆ. ಹುಳಿ ವಾಸನೆ ಫಿನಾಯಿಲಿನ ಜೊತೆ ಸೇರಿ ಗಂಟಲಿಗೆ ಬಂದು ಕೂರುತ್ತಿತ್ತು. ನಡುವೆ ದಪ್ಪನೆಯ ಸ್ಪಂಜಿನ ಹಾಸು, ಅದರ ಮೇಲೆ ಯಾರ ಯಾರದೋ ಹಿಮ್ಮಡಿಯ ಕಲೆ. ಪುಟ್ಟಿ ಅದರ ಮೇಲೆ ಹತ್ತಿ ನಿಂತಳು.

ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಮಾಡಿ ಕಿವಿಯೊಳಗೊಂದು ಯಂತ್ರ ಕೂರಿಸಿ, ಹೊರಗೆ ತಲೆಗೊಂದು ಬಿಲ್ಲೆ ಅಂಟಿಸಿದ ಮೇಲೆ ಮಾತು ಬಂತು. ಈಗ ಬಾಯಿ ಬಿಟ್ಟರೆ ಮುಚ್ಚಿಸುವವರಿಲ್ಲ. ಆದರೆ ಕತ್ತಲಾದರೆ ಸಾಕು, ಬೀಳುತ್ತಿದ್ದಳು. ಈಜಿಗೆ ಸೇರಿಸುವ ಮುಂಚೆ ಇದನ್ನೊಂದು ತೋರಿಸಿಕೊಂಡು ಬನ್ನಿ ಎಂದು ಶಾಲೆಯವರು ಅಂದಿದ್ದೇ ಪುಟ್ಟಿಯ ಅಪ್ಪನಿಗೆ, ಅಜ್ಜಿಯ ಮಗನಿಗೆ, ಮೈಯೆಲ್ಲ ಉರಿದುಹೋಗಿತ್ತು. ಮಗಳಿಗೆ ನೀಲಿ ಈಜುಡುಗೆ ತೊಡಿಸಿ, ಫೋಟೋ ತೆಗೆದು, ಆಫೀಸಿನವರಿಗೆಲ್ಲ ಕಳಿಸಿ ಆಗಿತ್ತಲ್ಲ!

"ಕಣ್ಣಿಗೆ ಪಟ್ಟಿ ಕಟ್ತೀನಿ ಪುಟ್ಟಾ," ಎಂದಳು ಪರೀಕ್ಷೆ ಮಾಡುವಾಕೆ.

"ಅಯ್ಯೋ, ಬೇಡ ಮೇಡಂ," ಮಗ ಅಡ್ಡ ಬಂದ. "ಪಟ್ಟಿ ಕಟ್ಟಿದ್ರೆ ಕಿರುಚಾಡ್ತಾಳೆ. ಮುಚ್ಕೋ ಅಂದ್ರೆ ತಾನೇ ಮುಚ್ಕೋತಾಳೆ."

ಇದ್ಯಾವಾಗಿನಿಂದ ಎಂದುಕೊಂಡಳು ಅಜ್ಜಿ. ಹೊರಗೆ ಸಾಲು ಬೆಳೆದಿತ್ತು. ಪರೀಕ್ಷೆ ಮಾಡುವಾಕೆ ಸರಿ ಎಂದು ಪುಟ್ಟಿಯ ಎರಡೂ ಪಕ್ಕಕ್ಕೆ ಕೈ ಚಾಚಿ ಕಾದಳು. ಪುಟ್ಟಿ ಕಣ್ಣು ಮುಚ್ಚಿ ಕಂಬದ ಹಾಗೆ ನಿಂತಳು.

"ಅರೆ, ಗಟ್ಟಿ ಇದಾಳಲ್ಲ! ಇಂಥ ಎಷ್ಟೋ ಮಕ್ಳು ಇದರ ಮೇಲೆ ನಿಲ್ಲೋದೇ ಇಲ್ಲ. ಬೀಳದ ಹಾಗೆ ಮೈ ಹಿಡಿಯೋ ಶಕ್ತೀನೂ ಕಿವಿಯೊಳಗೇ ಇರೋದು. ಅದಿಲ್ದೇ ಹೋದ್ರೆ ಬರೀ ಕಣ್ಣನ್ನ ನಂಬ್ಕೊಂಡು ನಿಂತಿರ್ತಾವೆ."

"ಹಾಗಾದ್ರೆ ಈಜು...?"

"ಅದಿಲ್ದೋರನ್ನ ನೀರಿಗೆ ಬಿಡೋ ಹಾಗೇ ಇಲ್ಲ ಸರ್. ಮುಳುಗಿದ್ರೆ ಮೇಲ್ಯಾವ್ದು ಕೆಳಗ್ಯಾವ್ದು ತಿಳಿಯಲ್ಲ. ಮೇಲೆ ಬರ್ತಿದೀನಿ ಅಂದ್ಕೊಂಡು ತಳಕ್ಕೇ ಹೋಗ್ಬಿಡ್ತಾವೆ. ಇವಳಿಗೆ ಆ ಭಯ ಇಲ್ಲ ಬಿಡಿ. ಇನ್ನೊಂದೇ ಸಲ ನೋಡಿ ಬರ್ಕೊಡ್ತೀನಿ."

ಅಜ್ಜಿಗೆ ಮೊನ್ನೆಯಿಂದ ಮನೆಯಲ್ಲಿ ನಡೆದಿದ್ದ ಆಟ ನೆನಪಾಯಿತು. ಸೋಫಾದ ದಿಂಬು ನೆಲಕ್ಕೆಳೆದು ಅದರ ಮೇಲೆ ಪುಟ್ಟಿಯನ್ನು ನಿಲ್ಲಿಸಿ, "ಚೂರೇ ಚೂರು ತೆರ್ದಿರು ಚಿನ್ನಾ, ರೆಪ್ಪೆ ಸಂದೀಲಿ ಅಪ್ಪನ ಅಂಗಿ ಗುಂಡೀನೇ ನೋಡ್ತಿರು," ಎನ್ನುತ್ತಿದ್ದ ಮಗ. ನಿಂತರೆ ಒಂದು ಚಾಕಲೇಟು. ತಾನು ಬಟಾಣಿ ಬಿಡಿಸುತ್ತಾ ನಕ್ಕೂ ಇದ್ದಳು.

ಈಗ ಮಗನ ಕಡೆ ತಿರುಗಿದಳು. ಅದೇ ಚಾಕಲೇಟನ್ನು ಒಂದು ದವಡೆಗೆ ಒತ್ತಿಕೊಂಡು ಚೀಪುತ್ತಾ ನಿಂತಿದ್ದ. ತುಟಿಯ ಮೂಲೆಯಲ್ಲಿ ಕಂದು ಜೊಲ್ಲು. ಒಂದು ಬೆರಳು ಅಂಗಿಯ ಗುಂಡಿಯ ಮೇಲೆ. ನೀರಿನ ಮಾತನ್ನು ಅವನೂ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡ ಮೇಲೂ ಬೆರಳು ಗುಂಡಿ ಬಿಟ್ಟು ಕದಲಲಿಲ್ಲ. ತಾನೇ ಒರೆಸಿ ಮುದ್ದಿಟ್ಟು ಬೆಳೆಸಿದ ಮುಖ. ಅಜ್ಜಿಗೆ ಆ ವಾಂತಿಯ ವಾಸನೆಯೇ ವಾಸಿ ಅನ್ನಿಸಿತು.

ಪುಟ್ಟಿ ಮತ್ತೆ ಕಣ್ಣು ಮುಚ್ಚಿ ನಿಂತಳು. ದೀಪದ ಸ್ವಿಚ್ಚು ಅಜ್ಜಿಯ ಹೆಗಲ ಪಕ್ಕದಲ್ಲೇ ಇತ್ತು. ಒತ್ತಿದಳು.

"ಅಜ್ಜೀ!"

ಮತ್ತೆ ದೀಪ ಬಂದಾಗ ಪುಟ್ಟಿ ಪರೀಕ್ಷೆ ಮಾಡುವಾಕೆಯ ತೋಳಿನಲ್ಲಿ ಅಡ್ಡಡ್ಡ ಜೋತುಬಿದ್ದಿದ್ದಳು. ಕಾಲು ಹಾಸಿನಿಂದಾಚೆ ಜಾರಿತ್ತು.

"ಯಾರ್ರೀ ಲೈಟ್ ಆರ್ಸಿದ್ದು?"

"ನಾನೇ ಕಣಮ್ಮಾ. ಅವಳು ಕಣ್ಣು ಮುಚ್ಚೇ ಇರ್ಲಿಲ್ಲ. ಇವನೇ ಹೇಳ್ಕೊಟ್ಟಿರೋದು. ಈಗ ಪಟ್ಟಿ ಕಟ್ಟಿ ನೋಡು."

"ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ಹೆದ್ರಿ ಬಿದ್ಲು ಅಷ್ಟೆ. ಮೇಡಂ, ಇವ್ರಿಗೆ ವಯಸ್ಸಾಗಿದೆ..."

"ಮೊದ್ಲು ಬಾಯಿ ಒರೆಸ್ಕೋ ಹೋಗು."

ಪಟ್ಟಿ ಕಟ್ಟಿದ್ದೂ ಆಯಿತು. ಪ್ರತಿ ಸಲವೂ ಪುಟ್ಟಿ ಕಡಿದ ಬಾಳೆಯಂತೆ ಒರಗಿದಳು. ಈಜಿನ ಹೆಸರೇ ಎತ್ತಬೇಡಿ ಎಂದಳು ಆಕೆ, ಮಗನ ಮುಖ ನೋಡದೆ.

"ಅಪ್ಪಾ, ನಾನು ಗುಂಡೀನೇ ನೋಡ್ತಿದ್ದೆ," ಎಂದಳು ಪುಟ್ಟಿ. ಚಾಕಲೇಟಿಗೆಂದು ಜೇಬಿಗೆ ಕೈ ಹಾಕಿದ ಮಗ ಕೈಯನ್ನು ಅಲ್ಲೇ ಇಟ್ಟುಕೊಂಡ.

ಹೊರಗೆ ಬಂದಾಗ ಅಜ್ಜಿ ಕೈ ನೀಡಿದಳು. ಪುಟ್ಟಿ ಹಿಡಿಯಲಿಲ್ಲ.

"ನೀನು ಲೈಟ್ ಆರ್ಸ್ದೆ."

ಮಂಕು ಬೆಳಕಿನ ಪಡಸಾಲೆಯಲ್ಲಿ ಪುಟ್ಟಿ ಗೋಡೆಯ ಕಪ್ಪು ಪಟ್ಟೆಯ ಮೇಲೆ ಅಂಗೈಯಿಟ್ಟು, ಸವರಿಕೊಂಡೇ ಮುಂದೆ ಹೋದಳು. ಅಜ್ಜಿ ಈ ಸಲ ಅವಳ ಕೈ ಎಳೆಯದೆ ಹಿಂದೆಯೇ ನಡೆದಳು.

ಎದುರಿನಿಂದ, ತಲೆಗೆ ಅಂಥದೇ ಬಿಲ್ಲೆ ಅಂಟಿಸಿಕೊಂಡಿದ್ದ ಇನ್ನೊಂದು ಪುಟ್ಟ ಮಗು ಅದೇ ಪಟ್ಟೆ ಹಿಡಿದು ಬರುತ್ತಿತ್ತು. ಪುಟ್ಟಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಆ ಮಗುವಿನ ಅಂಗೈ ಗೋಡೆಯಿಂದ ಅವಳ ಫ್ರಾಕಿನ ಮೇಲೆ ಹಾಯ್ದು, ಮತ್ತೆ ಗೋಡೆ ಹಿಡಿದು ಮುಂದೆ ಸಾಗಿತು.

ಬಿಳಿ ಫ್ರಾಕಿನ ಮೇಲೆ ಅಡ್ಡಕ್ಕೊಂದು ಕಪ್ಪು ಗೆರೆ. ಅಜ್ಜಿ ಅದನ್ನು ಕೊಡವಲು ಹೋಗಲಿಲ್ಲ.