ಅಂಗಿಯ ಜೇಬಿನ ಮಂಡಕ್ಕಿ

ಕರ್ಸರ್ ಹೊಳೆಯುತ್ತಿದೆ, ಆರುತ್ತಿದೆ, ಅದರ ಪಕ್ಕದಲ್ಲೇ ಮಂಡಕ್ಕಿ ಎಂಬ ಪದ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಕನ್ನಡ, ನನಗೆ ಬಂದ ಈ ಇ-ಮೇಲನ್ನು ಮೂರನೇ ಸಲ ಓದುತ್ತಿದ್ದೇನೆ — ಹರಿಹರದ ಹೊಳೆ, ಅಮಾವಾಸ್ಯೆಯ ಸ್ನಾನ, ಆರು ವರ್ಷದ ತಮ್ಮ, ದಡದಲ್ಲಿ ಅಕ್ಕ, ಮೇಲೆತ್ತಿದಾಗ ಅವನ ಅಂಗಿಯ ಜೇಬಿನ ತುಂಬ ಅಕ್ಕ ಕೊಟ್ಟ ಮಂಡಕ್ಕಿ, ನೆಂದದ್ದು, ನಿಮಗೂ ತಮ್ಮನಿದ್ದರೆ ಇದನ್ನು ಹತ್ತು ಜನರಿಗೆ ಕಳಿಸಿ. ನನ್ನ ತಮ್ಮ ಬಕ್ಕೇಶನ ಹೆಸರಿಲ್ಲ, ನನ್ನದೂ ಇಲ್ಲ, ಆದರೆ ಆ ಅಕ್ಕ ನಾನು. ಪಕ್ಕದ ಕುರ್ಚಿಯಲ್ಲಿ ಗೆಳತಿ ನಯನಾ ದುಪಟ್ಟಾದಿಂದ ಮೂಗು ಒರೆಸುತ್ತಾಳೆ, ನಂಗೂ ಬಂದೈತೆ ಕಣೆ ವಾಣಿ, ಬಾಂಬೆಯಿಂದ ನಮ್ಮ ಮಾವ ಕಳ್ಸ್ಯಾನೆ, ಯಾರು ಪುಣ್ಯಾತ್ಮರೋ, ಇಂಟರ್ನೆಟ್ಟಿಗೆ ದುಡ್ಡು ಕೊಟ್ಟು ಅಳಾಕೆ ಬಂದಂಗಾತು ನೋಡು. ಪುಣ್ಯಾತ್ಮ ಬಾಗಿಲ ಹತ್ತಿರವೇ ನಿಂತಿದ್ದಾನೆ, ಕೊಟ್ರೇಶ್, ಈ ಸೈಬರ್ ಕೆಫೆ ನಡೆಸುವವನು, ವೈಶಾಖದಲ್ಲಿ ನನ್ನನ್ನು ಮದುವೆಯಾಗುವವನು, ಯಾರಿಗೋ ಮೌಸ್ ಹಿಡಿಯುವುದನ್ನು ಹೇಳಿಕೊಡುತ್ತ ನನ್ನ ಕಡೆ ನೋಡುತ್ತಿಲ್ಲ, ದಿನಾ ನೋಡುವವನು ಇವತ್ತು ಯಾಕೆ ನೋಡುವುದಿಲ್ಲ. ಹೋದ ತಿಂಗಳು ಮಂಡಿಪೇಟೆಯಲ್ಲಿ ನಡೆಯುತ್ತ ಹೇಳಿದ್ದ, ನಗ್ಸಿದ್ರೆ ಮೇಲ್ ಓದಿ ಮುಚ್ಚಿಬಿಡ್ತಾರೆ ವಾಣಿ, ಅಳ್ಸಿದ್ರೆ ಮುಂದಕ್ಕೆ ಕಳಿಸ್ತಾರೆ, ಒಬ್ಬರೇ ಅಳಾಕೆ ಯಾರಿಗೂ ಆಗಲ್ಲ — ಚಿಕ್ಕವಳಿದ್ದಾಗ ಅವ್ವ ನನ್ನ ಕೈಲಿ ಅಂಚೆ ಕಾರ್ಡು ಬರೆಸುತ್ತಿದ್ದಳು, ಹನ್ನೊಂದು ಜನಕ್ಕೆ ದೇವರ ಮಹಿಮೆ ಬರೆಯದಿದ್ದರೆ ಮನೆಗೆ ಕೇಡು, ಬಕ್ಕೇಶ ಹೋದ ವರ್ಷ ನಾನು ಹತ್ತಕ್ಕೇ ಪೆನ್ನು ಮುಚ್ಚಿದ್ದೆ, ಆಗ ಹೆದರಿಸಿ ಬರೆಸುತ್ತಿದ್ದರು, ಈಗ ಅಳಿಸಿ ಕಳಿಸುತ್ತಾರೆ. ಜೇಬಿನ ಮಾತು ಕೊಟ್ರೇಶನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಎದ್ದು ಕೇಳಲೇ, ನೀವೇ ಅಲ್ಲೇನ್ರಿ. ಹ್ಞೂಂ, ನೀನು ಹೇಳಿದ್ದನ್ನೇ ಬರ್ದೆ, ಅದ್ರಾಗೆ ಸುಳ್ಳೇನೈತೆ ಅಂದರೆ? ಐತೆ. ಅಕ್ಕಾ ಒಂದು ಹಿಡಿ ಕೊಡೇ ಎಂದಿದ್ದ ಬಕ್ಕೇಶ, ಹೋಗಲೋ ಅತ್ಲಾಗೆ ಎಂದಿದ್ದೆ, ಹೋದ, ನೀರಿನ ಕಡೆ ಹೋದ, ನಾನು ಮಂಡಕ್ಕಿ ಪೊಟ್ಟಣ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ, ಖಾರ ಚೆನ್ನಾಗಿ ಹತ್ತಿತ್ತು. ಜೇಬು ತುಂಬ ಕೊಟ್ಟು ಕಳಿಸಿದೆ ಎಂದು ಕೊಟ್ರೇಶನ ಮುಂದೆ ಮಾತ್ರ ಹೇಳಿದ್ದು, ಒಳ್ಳೆಯ ಅಕ್ಕ ಅನ್ನಿಸಿಕೊಳ್ಳಲು, ಅವನು ನನ್ನ ಕೈ ಹಿಡಿದುಕೊಂಡ, ಆ ಕೈಯಲ್ಲೇ ಟೈಪ್ ಮಾಡಿದನೇ. ಪ್ರಿಂಟ್ ಕೊಟ್ಟೀನಿ, ನಯನಾ ಎನ್ನುತ್ತಾಳೆ, ಸಂಜಿಗೆ ವಿನೋಬನಗರಕ್ಕೆ ಬಂದು ನಿಮ್ಮವ್ವಗೆ ಓದಿ ಹೇಳ್ತೀನಿ, ಪಾಪ, ಅವ್ರ ಮಗನೂ ಹಿಂಗೇ — ಬ್ಯಾಡ ಕಣೆ. ಯಾಕ? ಬ್ಯಾಡ ಅಂದ್ನೆಲ್ಲ. ಪ್ರಿಂಟರ್ ಕಿರುಗುಟ್ಟುತ್ತಿದೆ, ಹಾಳೆಯ ತುದಿ ಹೊರಗೆ ಬಂದಿದೆ, ಅವ್ವ ಅಳುವುದಿಲ್ಲ, ಬಕ್ಕೇಶ ಅವತ್ತು ಹಾಕಿದ್ದ ಆ ನೀಲಿ ಚೌಕಳಿ ಅಂಗಿಯನ್ನು ಹೊಲಿದವಳು ಅವಳು, ತುಂಡು ಬಟ್ಟೆ, ಸಾಲಲಿಲ್ಲ, ಜೇಬು ಇಡಲಿಲ್ಲ, ಅವ್ವ ಒಂದೇ ಮಾತು ಕೇಳುತ್ತಾಳೆ, ಯಾವ ಜೇಬು ವಾಣಿ — ಇಲ್ಲದ ಜೇಬು, ಆದರೂ ಕಾಣುತ್ತಿದೆ, ಎಡ ಎದೆಯ ಮೇಲೆ, ಒಗ್ಗರಣೆಗೆ ನೆನೆಸಿ ಹಿಂಡಿಟ್ಟ ಮಂಡಕ್ಕಿಯ ಹಾಗೆ ಬೆಳ್ಳಗೆ, ಮೆತ್ತಗೆ, ಹಾಳೆ ಅರ್ಧ ಬಂದಿದೆ, ಜೇಬು, ಒದ್ದೆ ಜೇಬು, ತುಂಬಿದ ಜೇಬು