ಶಿವದೇವಿಯವರ ಮೂರನೆಯ ಪ್ರಶ್ನೆ

ಮೀನಿನ ತೊಟ್ಟಿಯ ಮುಂದೆ ನಿಂತಾಗ ಶಿವದೇವಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಹೈದರಾಬಾದಿನ ಮಣಿಕೊಂಡದಲ್ಲಿ, ಹನ್ನೊಂದನೆಯ ಮಹಡಿಯ ಮನೆಯೊಂದರಲ್ಲಿ, ಬುಧವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಅವರು ಹಾಗೆ ನಿಂತು ಅರ್ಧ ಗಂಟೆಯಾಗಿತ್ತು. ಮನೆಯೊಡತಿ ರಶ್ಮಿ ಆಫೀಸಿನ ಕರೆಯೊಂದನ್ನು ಮುಗಿಸಿ ಬಂದರು, ಚಹಾ ತಂದಿಟ್ಟರು, ಚಹಾ ಆರಿತು. ಎರಡು ಅಡಿಯ ತೊಟ್ಟಿಯ ಗಾಜಿನ ಒಳಮೈಗೆ ಬಸವನಹುಳುಗಳು ಒತ್ತಾಗಿ ಅಂಟಿಕೊಂಡಿದ್ದವು. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಕಾಳಿನಷ್ಟು. ಅವುಗಳ ನಡುವಿನ ಸಂದಿಯಲ್ಲಿ ಗಪ್ಪಿ ಮೀನುಗಳ ಉದ್ದ ಬಾಲಗಳು ಆಗೊಮ್ಮೆ ಈಗೊಮ್ಮೆ ಮಿಂಚಿ ಮರೆಯಾಗುತ್ತಿದ್ದವು.

“ಆಂಟಿ, ಈ ಹುಳಾ ತಿನ್ನಾಕ ಯಾವ ಮೀನು ತರ್ಬೇಕು ಹೇಳಿಬಿಡ್ರಿ. ಇವತ್ತ ಆರ್ಡರ್ ಹಾಕ್ತೀನಿ.”

“ನೋಡೂಣು.”

“ಅರ್ಧಾ ತಾಸಿಂದ ನೋಡಾಕತ್ತೀರಿ.”

“ಮೀನಿಗೆ ಅವಸರ ಇಲ್ಲವ್ವ. ನಿನಗ ಐತಿ.”

ಈ ‘ನೋಡೂಣು’ ಎಂಬ ಮಾತು ಹೈದರಾಬಾದಿನಲ್ಲಿ ಮೀನು ಸಾಕುವವರ ನಡುವೆ ಅಷ್ಟಿಷ್ಟು ಪ್ರಸಿದ್ಧವಾಗಿದೆ. ಕನ್ನಡ ಬಾರದವರೂ ಅದನ್ನು ಅವರ ಧಾಟಿಯಲ್ಲೇ ಹೇಳಿ ನಗುತ್ತಾರೆ. ಲಿಂಗಸುಗೂರಿನಿಂದ ಮದುವೆಯಾಗಿ ಬಂದ ಶಿವದೇವಿ ರಕ್ಷಣಾ ಇಲಾಖೆಯ ಘಟಕವೊಂದರ ಪರೀಕ್ಷಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅಂಗೈಯಗಲದ ಸರ್ಕ್ಯೂಟ್ ಹಲಗೆಗಳ ಮೇಲೆ ಬೆಸೆದ ತಂತಿಗಳನ್ನು ಭೂತಗಾಜಿನಲ್ಲಿ ನೋಡಿ ಒಪ್ಪುವುದು, ಇಲ್ಲವೇ ಕೆಂಪು ಮೊಹರು ಒತ್ತಿ ಹಿಂದಕ್ಕೆ ಕಳಿಸುವುದು ಅವರ ಕೆಲಸವಾಗಿತ್ತು. ಧೂಳೇಳಬಾರದೆಂದು ಮೆತ್ತನೆಯ ಚಪ್ಪಲಿ ತೊಟ್ಟು ನಡೆಯಬೇಕಿದ್ದ ಆ ಹಜಾರದ ನಡಿಗೆ ಅವರ ಕಾಲಿನಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಗದ್ದಲದಲ್ಲೂ ಅವರು ಯಾರದೋ ನಿದ್ದೆ ಕೆಡಿಸಬಾರದೆಂಬಂತೆ ಹೆಜ್ಜೆ ಇಡುತ್ತಾರೆ. ಘಟಕದ ಗುರುತಿನ ಬಿಲ್ಲೆಯನ್ನು ಹಿಂದಿರುಗಿಸಿದರು, ಅಲ್ಲಿ ತೊಡುತ್ತಿದ್ದ ತಿಳಿನೀಲಿ ಕೋಟನ್ನು ಮಾತ್ರ ಇಟ್ಟುಕೊಂಡರು. ಇಳಕಲ್ ಸೀರೆಯ ಮೇಲೆ ಆ ಕೋಟು ತೊಟ್ಟೇ ಅವರು ಬೇರೆಯವರ ಮನೆಗೆ ಹೋಗುವುದು. ಅದರ ಎಡ ಕಿಸೆಯಲ್ಲಿ ಭೂತಗಾಜು, ಬಲ ಕಿಸೆಯಲ್ಲಿ ಆರಿಂಚಿನ ಉಕ್ಕಿನ ಅಳತೆಪಟ್ಟಿ.

ಯಾವ ಮನೆಗೆ ಹೋದರೂ ಅವರು ಕೇಳುವುದು ಮೂರೇ ಪ್ರಶ್ನೆ: ತೊಟ್ಟಿ ಎಷ್ಟು ಉದ್ದ, ಒಳಗೆ ಈಗಾಗಲೇ ಯಾರಿದ್ದಾರೆ, ಊಟ ಹಾಕುವವರು ಯಾರು. ಮೊದಲನೆಯದಕ್ಕೆ ಉತ್ತರ ಬಂದರೂ ಪಟ್ಟಿ ತೆಗೆದು ತಾವೇ ಅಳೆಯುತ್ತಾರೆ. ಸನತ್‌ನಗರದಲ್ಲಿ ಗಾಜು ಕತ್ತರಿಸುವ ಸಣ್ಣ ಕಾರ್ಖಾನೆ ಇಟ್ಟಿರುವ ಗೋಪಿನಾಥರ ನಾಲ್ಕು ಅಡಿಯ ತೊಟ್ಟಿಗೆ ಅವರು ಆರಿಸಿದ್ದು ಯೋಯೋ ಲೋಚ್ ಎಂಬ ಪಟ್ಟೆಪಟ್ಟೆಯ ಮೀನು. ಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುವ ಈ ಮೀನು ಒಂಟಿಯಾಗಿದ್ದರೆ ಅಂಜಿ ಮೂಲೆ ಸೇರುತ್ತದೆ, ಗುಂಪಿನಲ್ಲಿದ್ದರೆ ದೊರೆಯಂತೆ ತಿರುಗುತ್ತದೆ. ಆದ್ದರಿಂದ ಐದು ತರಿಸಿದರು. ನೆಲ ಕೆದಕುವಾಗ ಮೀಸೆ ಹರಿಯಬಾರದೆಂದು ಚೂಪು ಜಲ್ಲಿ ತೆಗೆಸಿ ನುಣುಪು ಮರಳು ಹಾಕಿಸಿದರು, ಜಿಗಿಯುವ ಜಾತಿಯೆಂದು ಮುಚ್ಚಳ ಮಾಡಿಸಿದರು. ಇವಿಷ್ಟೂ ಆದ ಮೇಲೆಯೇ ಮೀನು ನೀರಿಗಿಳಿದದ್ದು. ಅದಕ್ಕೂ ಮೊದಲು ಗೋಪಿನಾಥರು ಕ್ಲೌನ್ ಲೋಚಿನ ಕಿತ್ತಳೆ ಬಣ್ಣಕ್ಕೆ ಮನಸೋತಿದ್ದರು. ಅಂಗಡಿಯಲ್ಲಿ ಎರಡಿಂಚು ಕಾಣುವ ಅದು ಬೆಳೆದರೆ ಒಂದು ಅಡಿಯಾಗುತ್ತದೆಂದು ಶಿವದೇವಿ ಪಟ್ಟಿಯನ್ನು ಗಾಜಿನ ಮೇಲೆ ಎರಡು ಸಲ ಇಟ್ಟು ತೋರಿಸಿದರು. ಮಾತಿಗಿಂತ ಆ ತೋರಿಸುವಿಕೆಯೇ ಗೋಪಿನಾಥರಿಗೆ ಹಿಡಿಸಿತು.

ಬುಧವಾರ ರಶ್ಮಿಯ ಮನೆಯಲ್ಲಿ ಎರಡನೆಯ ಪ್ರಶ್ನೆಯೇ ತೊಡಕಾಯಿತು. ಅಂಗಡಿಯವನು ಅವರಿಗೆ ಬಟಾಣಿಯಷ್ಟೇ ಇರುವ ಪಫರ್ ಮೀನು ತರಲು ಹೇಳಿದ್ದ.

“ಹುಳಾ ತಿಂತೈತಿ, ಖರೆ,” ಎಂದರು ಶಿವದೇವಿ. “ಆದ್ರ ನಿನ್ನ ಗಪ್ಪಿಗಳ ಬಾಲಾ ಕಂಡ್ರ ಅದಕ್ಕ ತಡಕೊಳ್ಳಾಕ ಆಗೂದಿಲ್ಲ. ಅದು ಒಂಟಿಸಂಸಾರದ ಮೀನು. ಅದಕ್ಕ ಬ್ಯಾರೆ ಮನಿ ಮಾಡಿಕೊಡ್ಬೇಕು.”

“ಲೋಚ್ ತರಲೇನ್ರಿ?”

“ಎರಡು ಫೂಟಿನ್ಯಾಗ ಐದು ಲೋಚ್ ಇಟ್ರ, ಲೋಕಲ್ ಟ್ರೇನಿನ್ಯಾಗ ನಿಂತಂಗ ನಿಲ್ತಾವ. ಬ್ಯಾಡ. ಒಂದು ಜೋಡಿ ಹನಿ ಗೌರಾಮಿ ತಾ, ಸಣ್ಣ ಸಾಧು ಮೀನು. ಮರಿ ಹುಳಾ ಹೆಕ್ಕಿದ್ರ ಹೆಕ್ಕತಾವ. ಮಾತು ಕೊಡಾಕ ಆಗೂದಿಲ್ಲ. ದೊಡ್ಡವನ್ನ ನೀನಽ ತಗೀಬೇಕು. ಸಂಜಿಕೆ ಒಂದು ಕೋಸಿನ ಎಲಿ ಮುಳುಗಿಸಿಡು, ಮುಂಜಾನೆ ಅದಕ್ಕ ಹತ್ತಿದ ಹುಳಾ ಸಮೇತ ಎತ್ತು. ಈಗ ಹೇಳು, ಊಟ ಹಾಕವರು ಯಾರು?”

ಬೆಳಿಗ್ಗೆ ರಶ್ಮಿ ಹಾಕುತ್ತಿದ್ದರು. ಅವರು ಮರೆತಿರಬಹುದೆಂದು ಗಂಡ ಹಾಕುತ್ತಿದ್ದರು. ಇವರಿಬ್ಬರೂ ಆಫೀಸಿಗೆ ಹೋದ ಮೇಲೆ ಪಾಪ ಮೀನು ಉಪವಾಸವಿದೆಯೆಂದು ಅಡುಗೆಯಾಕೆ ಹಾಕುತ್ತಿದ್ದಳು. ಈ ಸಂಗತಿ ರಶ್ಮಿಗೆ ತಿಳಿದದ್ದು ಆ ಕ್ಷಣದಲ್ಲಿಯೇ, ಅಡುಗೆಮನೆಯಿಂದ ಬಂದ ಉತ್ತರದಿಂದ. ಶಿವದೇವಿ ಬೆನ್ನ ಹಿಂದಿನ ಕೈ ಬಿಟ್ಟು ಆರಿದ ಚಹಾವನ್ನು ಒಂದೇ ಗುಟುಕಿನಲ್ಲಿ ಕುಡಿದರು. ಹುಳುವಿನ ಮೊಟ್ಟೆ ಅಂಗಡಿಯ ಗಿಡದ ಎಲೆಗೆ ಅಂಟಿಕೊಂಡು ಬರುತ್ತದೆ. ಅದು ಊರಾಗುವುದು ಮಾತ್ರ ಮೀನು ತಿನ್ನದೆ ತೊಟ್ಟಿಯ ತಳಕ್ಕೆ ಬಿದ್ದ ಊಟದಿಂದ. ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಯಾವ ಮೀನನ್ನು ತಂದರೂ ಪ್ರಯೋಜನವಿಲ್ಲವೆಂಬುದು ಅವರ ಪರೀಕ್ಷೆಯ ತಿರುಳು.

ಘಟಕದಲ್ಲಿ ಅವರ ಬಗ್ಗೆ ಇಂದಿಗೂ ಹೇಳುವ ಕಥೆಯೊಂದಿದೆ. ಅವರು ತಿರಸ್ಕರಿಸಿದ ನಲವತ್ತು ಹಲಗೆಗಳ ಕಟ್ಟೊಂದು ಒಂದು ತಿಂಗಳ ನಂತರ ಹೊಸ ಚೀಟಿ, ಹೊಸ ಸಂಖ್ಯೆ ಹೊತ್ತು ಮತ್ತೆ ಅವರ ಮೇಜಿಗೆ ಬಂತು. ಏಳನೆಯ ಹಲಗೆಯ ಅಂಚಿನಲ್ಲಿದ್ದ ಕೂದಲೆಳೆಯಂಥ ಗೀರನ್ನು ಅವರು ಗುರುತಿಸಿದರು. ಮೇಲಿನವರು ಬಂದು, ಇದು ಬೇರೆಯದೇ ಕಟ್ಟು ಎಂದು ವಿವರಿಸಿದರು. “ಹೆಸರು ಬದಲ್ ಆಗ್ಯದ ಸಾರ್, ಮಾಲು ಬದಲ್ ಆಗಿಲ್ಲ,” ಎಂದಷ್ಟೇ ಹೇಳಿ ಶಿವದೇವಿ ಮತ್ತೊಮ್ಮೆ ಕೆಂಪು ಮೊಹರು ಒತ್ತಿದರಂತೆ. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಅವರ ಬಗ್ಗೆ ಬರೆಯಲು ಹೊರಟ ನನಗೆ ಇದನ್ನು ಹೇಳಿದವರು ಅವರ ಸಹೋದ್ಯೋಗಿಗಳು. ಶಿವದೇವಿಯವರನ್ನೇ ಕೇಳಿದಾಗ, ಗೀರು ಏಳನೆಯದರಲ್ಲಲ್ಲ, ಒಂಬತ್ತನೆಯದರಲ್ಲಿತ್ತು ಎಂದು ತಿದ್ದಿದರು.

ಇಂಥವರ ಮಲ್ಕಾಜ್‌ಗಿರಿಯ ಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು, ಬಸವನಹುಳುಗಳಿಂದ ತುಂಬಿದ ಅವರದೇ ತೊಟ್ಟಿ.

ಮೂರು ಅಡಿಯ ಆ ತೊಟ್ಟಿಯಲ್ಲಿ ಹನ್ನೊಂದು ಕರಿ ಮೋಲಿ ಮೀನುಗಳೂ ದಟ್ಟವಾದ ಗಿಡಗಳೂ ಇವೆ. ಅದರ ಎದುರಿನ ಬೆತ್ತದ ಕುರ್ಚಿಯಲ್ಲಿ ಅತ್ತೆ ಹಂಪಮ್ಮ ಕೂರುತ್ತಾರೆ. ಎಂಬತ್ತನಾಲ್ಕರ ಅವರಿಗೆ ಟೀವಿಯ ಮುಖಗಳು ಈಗ ಕಾಣುವುದಿಲ್ಲ, ಬೆಳಕಿನಲ್ಲಿ ಅಲುಗುವ ಕರಿ ಮೀನು ಕಾಣುತ್ತದೆ. ಒಂಬತ್ತು ವರ್ಷದ ಹಿಂದೆ ಶಿವದೇವಿ ಈ ತೊಟ್ಟಿಗೆಂದು ನಾಲ್ಕು ಲೋಚ್ ತಂದಾಗ ಹಂಪಮ್ಮ ಅವುಗಳ ಆಹಾರವೇನೆಂದು ವಿಚಾರಿಸಿದ್ದರು. ಉತ್ತರ ಕೇಳಿ ಕೈಯಲ್ಲಿದ್ದ ಊರುಗೋಲನ್ನು ಗೋಡೆಗೆ ಒರಗಿಸಿದರು. ಬಸವಣ್ಣನ ಹೆಸರು ಹೊತ್ತ ಹುಳುವನ್ನು ತಿನ್ನುವ ಮೀನು ಲಿಂಗ ಕಟ್ಟಿದವರ ಮನೆಯಲ್ಲಿ ಇರಕೂಡದು ಎಂದರು. ಅದಕ್ಕೆ ಎತ್ತಿನಂತೆ ಕೋಡಿರುವುದರಿಂದ ಆ ಹೆಸರು ಎಂದು ಸೊಸೆ ವಿವರಿಸಿದರೆ, “ಎತ್ತಿಗೆ ಬಸವಣ್ಣ ಅಂತ ಯಾಕ ಅಂತೀವಿ ಹಂಗಾರ?” ಎಂದು ಕೇಳಿದರು. ಅದೇ ಮಧ್ಯಾಹ್ನ ನಾಲ್ಕೂ ಲೋಚ್ ಅಂಗಡಿಗೆ ಮರಳಿದವು.

“ಊರಿಗೆಲ್ಲಾ ಹುಳಾ ತಗಿಯಾಕಿ, ಮನ್ಯಾಗ ಹುಳಾ ಸಾಕ್ಯಾಳ,” ಎಂದು ಗಂಡ ವಿಜಯಕುಮಾರ ಬಂದವರಿಗೆಲ್ಲ ಹೇಳುತ್ತಾರೆ. ರೈಲ್ವೆ ಗಾರ್ಡ್ ಆಗಿದ್ದ ಅವರು ಪ್ರತಿ ಹಾಸ್ಯದ ನಂತರವೂ ಹಸಿರು ದೀಪ ಬಿದ್ದಿತೇ ಎಂಬಂತೆ ಹೆಂಡತಿಯ ಮುಖ ನೋಡುತ್ತಾರೆ.

ಈ ಬಾರಿ ಅದು ಹಾಸ್ಯವಾಗಿ ಉಳಿದಿರಲಿಲ್ಲ. ಗೋಪಿನಾಥರು ಕಾರ್ಯದರ್ಶಿಯಾಗಿರುವ ಮೀನು ಸಾಕುವವರ ಸಂಘ ಪ್ರತಿವರ್ಷ ಪ್ರದರ್ಶನ ನಡೆಸುತ್ತದೆ. ಗಿಡದ ತೊಟ್ಟಿಗಳ ವಿಭಾಗಕ್ಕೆ ಈ ವರ್ಷ ಮುಖ್ಯ ತೀರ್ಪುಗಾರರಾಗಿ ಶಿವದೇವಿಯವರನ್ನು ಕರೆದಿದ್ದಾರೆ. ಆ ಕುರ್ಚಿಯಲ್ಲಿ ಇದುವರೆಗೆ ಹೆಂಗಸರು ಕೂತಿಲ್ಲ. ತೀರ್ಪುಗಾರರ ಮನೆಯ ತೊಟ್ಟಿಯನ್ನು ಸಮಿತಿಯ ಮೂವರು ಮೊದಲು ಬಂದು ನೋಡಿ ಒಪ್ಪಬೇಕೆಂಬುದು ಸಂಘದ ಪದ್ಧತಿ. ಅವರು ಬರುವುದು ಭಾನುವಾರ. ಕರೆ ಬಂದ ದಿನ ಶಿವದೇವಿ ಯಾರಿಗೂ ಏನೂ ಹೇಳದೆ ನೀಲಿ ಕೋಟನ್ನು ಒಗೆದು ಗಂಜಿ ಹಾಕಿದರೆಂದು ವಿಜಯಕುಮಾರ ಹೇಳಿದರು.

ಆ ಬುಧವಾರ ಮಣಿಕೊಂಡದಿಂದ ಅವರೊಡನೆ ನಾನೂ ಮಲ್ಕಾಜ್‌ಗಿರಿಗೆ ಬಂದಿದ್ದೆ. ಊಟದ ನಂತರ ವಿಜಯಕುಮಾರ ಮಾತು ತೆಗೆದರು. “ಗೋಪಿನಾಥರ ಕಡಿಂದ ಐದು ಲೋಚ್ ನಾಕು ದಿನಾ ಕಡಾ ತಗೊಂಡು ಬರ್ತೀನಿ. ಎಲ್ಲಾ ಅಲ್ಲದಿದ್ರೂ ಮುಂದಿನ ಗಾಜಿನವು ಖಾಲಿ ಆಗ್ತಾವ. ಅವ್ವ ಮಲಗಿದಾಗ ಬಿಟ್ರ ಆತು.”

“ಅವ್ವ ಮಲಗಿಲ್ಲ,” ಎಂದರು ಹಂಪಮ್ಮ ಕುರ್ಚಿಯಿಂದ.

ಹಂಪಮ್ಮನೇ ಮತ್ತೆ ಕೇಳಿದರು: “ಶಿವದೇವಿ, ನಿನ್ನ ಕುರ್ಚಿ ಹೋಗೂದು ಈ ಹುಳದ ಸಲುವಾಗೇನು?”

“ಹೋಗಬಹುದು ಅತ್ತಿ.”

“ತೆಲುಗಿನ್ಯಾಗ ಇದಕ್ಕ ಏನಂತಾರ?”

“ನತ್ತ ಅಂತಾರ.”

“ಹಂಗಾರ ನಾವೂ ನತ್ತ ಅನ್ನೂಣು. ಮೀನು ನತ್ತ ತಿಂದ್ರ ನಂದೇನೂ ತಕರಾರಿಲ್ಲ.”

ವಿಜಯಕುಮಾರ ಗಟ್ಟಿಯಾಗಿ ನಕ್ಕು, ಚಪ್ಪಲಿ ಮೆಟ್ಟಲು ಎದ್ದೇಬಿಟ್ಟರು. ಒಂಬತ್ತು ವರ್ಷ ಹಿಡಿದ ಹಟವನ್ನು ಮುದುಕಿ ಸೊಸೆಗಾಗಿ ಒಂದು ಪದದಲ್ಲಿ ಸಡಿಲಿಸಿದ್ದರು. ಶಿವದೇವಿ ನಗಲಿಲ್ಲ. ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

“ಹೆಸರು ಬದಲ್ ಮಾಡಿದ್ರ ಮಾಲು ಬದಲ್ ಆಗೂದಿಲ್ಲ ಅತ್ತಿ. ನಿಮಗ ಅದು ಬಸವನಹುಳಾನಽ. ನನ್ನ ಸಲುವಾಗಿ ನೀವು ಸುಳ್ಳ ಹೆಸರು ಹೇಳಬ್ಯಾಡ್ರಿ.” ನಂತರ, ಬೇರೆಯವರ ಮನೆಗಳಲ್ಲಿ ನೂರಾರು ಸಲ ಕೇಳಿದ, ಈ ಮನೆಯಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಕೇಳಿದರು. “ಊಟ ಹಾಕವರು ಯಾರ್ರಿ?”

ಹಂಪಮ್ಮ ಸೆರಗು ಸರಿಮಾಡಿಕೊಂಡರು. “ನಾನಽ. ಪೂಜಾ ಆದ ಮ್ಯಾಲೆ ಒಂದೀಟು ರೊಟ್ಟಿ ಪುಡಿ ಮಾಡಿ ಹಾಕ್ತೀನಿ. ಚೆಲ್ಲೂದಿಲ್ಲವ್ವ ನಾನು, ದಾಸೋಹ ಮಾಡ್ತೀನಿ.”

“ನನಗ ಗೊತ್ತೈತ್ರಿ. ಒಂಬತ್ತು ವರ್ಷದಿಂದ ಅಡಗಿ ಮನಿ ಬಾಗಿಲದಾಗ ನಿಂತು ನೋಡೀನಿ.”

“ಮತ್ಯಾಕ ಹೇಳಲಿಲ್ಲ?”

“ದಾಸೋಹ ಮಾಡಬ್ಯಾಡ್ರಿ ಅಂತ ಹೆಂಗ ಹೇಳ್ಲಿ?”

ಹಂಪಮ್ಮ ತೊಟ್ಟಿಯ ಕಡೆಗೊಮ್ಮೆ, ಸೊಸೆಯ ಕಡೆಗೊಮ್ಮೆ ನೋಡಿದರು. “ಎಷ್ಟು ಹಾಕ್ಬೇಕು ಹೇಳು. ಲೆಕ್ಕದವಳು ನೀನು.”

ಶಿವದೇವಿ ಅತ್ತೆಯ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ವಿಭೂತಿ ಹಚ್ಚಲು ಮೂರು ಬೆರಳು ಬೇಕು, ಮೀನಿಗೆ ಎರಡು ಬೆರಳ ತುದಿ ಸಾಕು ಎಂದು ಹಿಡಿದು ತೋರಿಸಿದರು. ರೊಟ್ಟಿಯ ಬದಲು ಬೇಯಿಸಿ ಸಿಪ್ಪೆ ಸುಲಿದ ಬಟಾಣಿ. ಮೋಲಿಗೆ ಸೊಪ್ಪುಸದೆ, ಕಾಳುಕಡಿ ಇಷ್ಟ. ನೆಲ ಮುಟ್ಟುವ ಮೊದಲೇ ತಿಂದುಬಿಡುತ್ತವೆ. ಹಂಪಮ್ಮ ಎರಡು ಬೆರಳನ್ನು ಜೋಡಿಸಿ ಗಾಳಿಯಲ್ಲಿ ಹಾಕಿ ನೋಡಿದರು. ಲಿಂಗಕ್ಕೆ ಬಟಾಣಿ ಎಡೆ ಮಾಡಬಹುದಲ್ಲ ಎಂದು ತಮಗೆ ತಾವೇ ಕೇಳಿಕೊಂಡು, ಮಾಡಬಹುದು ಎಂದು ತಾವೇ ಉತ್ತರಿಸಿದರು.

ಸಂಜೆ ಗೋಪಿನಾಥರಿಗೆ ಫೋನು ಹೋಯಿತು. ತೊಟ್ಟಿಯಲ್ಲಿ ಹುಳುಗಳಿವೆ, ಭಾನುವಾರದ ಹೊತ್ತಿಗೆ ಅವು ಹೋಗುವುದಿಲ್ಲ ಎಂದು ಶಿವದೇವಿ ತೆಲುಗಿನಲ್ಲಿ ನೇರವಾಗಿ ಹೇಳಿದರು. ಭೇಟಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕೋಣವೆಂದು ಆ ಕಡೆಯಿಂದ ಸಲಹೆ ಬಂತು. ಶಿವದೇವಿ ಬೇಡವೆಂದರು. ಸಮಿತಿಯ ಉಳಿದಿಬ್ಬರು ಒಪ್ಪದಿದ್ದರೆ ತಮ್ಮಿಂದ ಏನೂ ಮಾಡಲಾಗದೆಂದು ಗೋಪಿನಾಥರು ಎಚ್ಚರಿಸಿದರು. ಒಪ್ಪದಿರುವುದು ಅವರ ಕೆಲಸ, ತಾವೂ ಅದನ್ನೇ ಮೂವತ್ತೊಂದು ವರ್ಷ ಮಾಡಿದವರು ಎಂದು ಇವರು ಫೋನಿಟ್ಟರು.

ಆಮೇಲೆ ಒಂದು ಚೀಟಿ ಬರೆದರು. ಘಟಕದಲ್ಲಿ ತಿರಸ್ಕೃತ ಮಾಲಿಗೆ ಅಂಟಿಸುತ್ತಿದ್ದ ಅದೇ ಮಾದರಿ, ಅದೇ ನಾಲ್ಕು ಸಾಲು. ದೋಷ: ಬಸವನಹುಳು. ಕಾರಣ: ಅಗತ್ಯಕ್ಕಿಂತ ಹೆಚ್ಚು ಆಹಾರ. ಕೈಗೊಂಡ ಕ್ರಮ: ಆಹಾರ ಕಡಿತ, ಕೋಸಿನೆಲೆ, ಹುಳು ತಿನ್ನುವ ಮೀನು ಬಿಟ್ಟಿಲ್ಲ. ಕೊನೆಯ ಸಾಲಿನಲ್ಲಿ ಹೊಣೆ ಯಾರದೆಂದು ಬರೆಯಬೇಕು. ಲೇಖನಿ ಒಂದಿಷ್ಟೂ ತಡವರಿಸದೆ ಅಲ್ಲಿ ಅವರು ಬರೆದದ್ದು: ಶಿವದೇವಿ.

“ಏನ್ ಬರದಿ, ಓದು,” ಎಂದರು ಹಂಪಮ್ಮ. ಮೊದಲ ಮೂರು ಸಾಲು ಓದಿ ಹೇಳಿ, ಅಷ್ಟೇ ಎಂದು ಶಿವದೇವಿ ಚೀಟಿಯನ್ನು ಗಾಜಿಗೆ ಅಂಟಿಸಿದರು.

ಪರೀಕ್ಷಕರೆಂದರೆ ಬೇಡ ಎನ್ನುವುದನ್ನೇ ವೃತ್ತಿ ಮಾಡಿಕೊಂಡವರು ಎಂದು ನಾವು ತಿಳಿದಿರುತ್ತೇವೆ. ಅವರ ಹೆಸರು ಯಾವ ಯಂತ್ರದ ಮೇಲೂ ಇರುವುದಿಲ್ಲ. ಅವರು ತಡೆದ ಅನಾಹುತಗಳು ನಡೆಯದೇ ಹೋದ ಕಾರಣಕ್ಕೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಆದರೆ ಪರರ ಮಾಲಿಗೆ ಹಿಡಿದ ಭೂತಗಾಜನ್ನೇ ತಮ್ಮ ಮನೆಯ ಕಡೆಗೂ ತಿರುಗಿಸಬಲ್ಲ, ತಿರುಗಿಸಿದಾಗ ಕಂಡ ತಪ್ಪಿಗೆ ಮನೆಯ ದುರ್ಬಲರನ್ನು ಮುಂದೆ ಮಾಡದೆ ತಾವೇ ನಿಲ್ಲಬಲ್ಲ ಮಂದಿ ಈ ಊರಿನ ಕಾಲೊನಿಗಳಲ್ಲಿ ಸದ್ದಿಲ್ಲದೆ ಬಾಳುತ್ತಿದ್ದಾರೆ. ಒಂದು ನಗರ ಹೆಮ್ಮೆಪಡಬೇಕಾದ ಸಂಗತಿಗಳ ಪಟ್ಟಿಯಲ್ಲಿ ನಾನು ಇವರನ್ನೂ ಸೇರಿಸುತ್ತೇನೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಮಿತಿಯ ಮೂವರು ಮಲ್ಕಾಜ್‌ಗಿರಿಗೆ ಬರುತ್ತಾರೆ. ಚೀಟಿ ಮುಂದಿನ ಗಾಜಿನ ಬಲ ಮೂಲೆಯಲ್ಲಿದೆ.